ಎಣ್ಣೆ ಬಂದಾಗ ತಲೆ ಬೋಳು

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ಕೂದಲಿನ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. ಊರಿಗೆ ಹೆಸರು ಕೊಟ್ಟ ಮಹಾಲಿಂಗೇಶ್ವರರ ಜಡೆ ಇಲ್ಲಿದೆ. ಅದು ಇಂದಿಗೂ ವರ್ಷಕ್ಕೆ ಒಂದು ಗೋಧಿ ಕಾಳಿನಷ್ಟು ಬೆಳೆಯುತ್ತದೆ ಎಂಬುದು ಊರವರ ನಂಬಿಕೆ. ನಂಬಿಕೆಯ ತಂಟೆಗೆ ನಾನು ಹೋಗುವವನಲ್ಲ. ನನ್ನ ತಕರಾರು ಏನಿದ್ದರೂ ಭಕ್ತರ ತಲೆಗಳ ಮೇಲೆ, ಅದರಲ್ಲಿ ನನ್ನದೂ ಒಂದು. ಮನುಷ್ಯರ ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಗೋಧಿ ಕಾಳಿನಷ್ಟು ಉದ್ದವಾಗಲು ಅದಕ್ಕೆ ಮೂರು ವಾರವೂ ಬೇಡ. ಆ ಲೆಕ್ಕದಲ್ಲಿ ಬೆಳೆಸುವುದರಲ್ಲಿ ನಮ್ಮ ಹುಡುಗರು ಯಾರಿಗೂ ಕಡಿಮೆಯಿಲ್ಲ. ಪಂಚಾಯಿತಿ ಇರುವುದು ಉಳಿಸಿಕೊಳ್ಳುವುದರಲ್ಲಿ.

ಈ ಸೀಮೆಗೂ ಕೂದಲಿಗೂ ಹಳೆಯ ನಂಟು. ಪಕ್ಕದ ಮುಧೋಳದವನು ರನ್ನ. ಅವನ ‘ಗದಾಯುದ್ಧ’ದ ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ದ್ರೌಪದಿಯ ಬಿಚ್ಚಿದ ಮುಡಿಯ ಹತ್ತಿರ. ಅದನ್ನು ಕಟ್ಟುವ ತನಕ ಭೀಮನಿಗೆ ನೆಮ್ಮದಿಯಿಲ್ಲ. ಅದೇ ಮುಧೋಳದ ನಾಯಿ ಮಾತ್ರ ಮೈಮೇಲೆ ಕೂದಲು ಇದ್ದೂ ಇಲ್ಲದಂತೆ ಓಡಾಡಿಕೊಂಡು, 2020ರ ಆಗಸ್ಟಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯಿಂದಲೇ ಹೊಗಳಿಸಿಕೊಂಡಿತು. ಅದನ್ನು ಯಾರೂ ತಡೆದು ನಿಲ್ಲಿಸಿ, “ಯಾಕೋ ತಮ್ಮಾ, ಕೂದ್ಲ ಭಾಳ ಉದರ್ಯಾವಲ್ಲ?” ಎಂದು ಕೇಳಲಿಲ್ಲ. ಆ ಪ್ರಶ್ನೆ ಮನುಷ್ಯರಿಗೆ ಮೀಸಲು. ಅದನ್ನೂ ಮದುವೆ ಮನೆಯ ಪಂಕ್ತಿಯಲ್ಲಿ, ಬಾಯಲ್ಲಿ ಬುಂದಿ ಉಂಡಿ ತುಂಬಿಕೊಂಡಾಗಲೇ ಕೇಳುತ್ತಾರೆ.

ನಮ್ಮ ಅಜ್ಜಂದಿರಿಗೆ ಈ ಕಾಟವಿರಲಿಲ್ಲ. ಅವರಿಗೆ ರುಮಾಲು ಇತ್ತು. ಒಳಗೆ ಕೂದಲಿತ್ತೋ, ಬೋಳಿತ್ತೋ, ಸಾಹುಕಾರನ ಸಾಲದ ಚೀಟಿ ಇತ್ತೋ, ಅಜ್ಜಿಯೊಬ್ಬಳಿಗೇ ಗೊತ್ತು. ರುಮಾಲು ಹೋಗಿ ಗಾಂಧಿ ಟೊಪಿಗಿ ಬಂತು. ನಡುನೆತ್ತಿಯ ಮಾನವನ್ನು ಅದೂ ಒಂದಿಷ್ಟು ಕಾಲ ಕಾಯ್ದಿತು. ಆಮೇಲೆ ಟೊಪಿಗಿ ಗೂಟಕ್ಕೆ ಹೋಯಿತು, ಮೊಬೈಲ್ ಕೈಗೆ ಬಂತು, ಮದುವೆ ವಿಡಿಯೊದವನ ಡ್ರೋನ್ ನೆತ್ತಿಯ ಮೇಲೆಯೇ ಬಂದು ನಿಂತಿತು. ಈಗಿನ ಹುಡುಗರಲ್ಲಿ ಬೋಳು ಹೆಚ್ಚಾಗಿದೆ ಎನ್ನುತ್ತಾರಲ್ಲ, ಅದರಲ್ಲಿ ಅರ್ಧ ಪಾಲು ರುಮಾಲು ಬಿಚ್ಚಿದ್ದರ ಫಲ ಎಂಬುದು ನನ್ನ ಸಿದ್ಧಾಂತ. ಡಾಕ್ಟರು ಒಪ್ಪಲಿಕ್ಕಿಲ್ಲ. ರುಮಾಲಿನ ಅಂಗಡಿಯವರು ಒಪ್ಪಿಯಾರು.

ಕನ್ಯೆ ಹುಡುಕುವ ಮನೆಗಳಲ್ಲಿ ಇದು ನಗುವ ವಿಷಯವಲ್ಲ. ಒಕ್ಕಲುತನದ ಹುಡುಗನಿಗೆ ಹೆಣ್ಣು ಸಿಗುವುದು ಮೊದಲೇ ಕಷ್ಟ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ನಮ್ಮ ಕಡೆಯವರು ಇನ್ನೂ ಅಲ್ಲಿಯವರೆಗೆ ನಡೆದಿಲ್ಲ, ಎಣ್ಣೆ ಅಂಗಡಿಯವರೆಗೆ ಮಾತ್ರ ನಡೆದಿದ್ದಾರೆ. ಮಧ್ಯಸ್ಥಿಕೆಯ ಕಾಕಾ ಒಬ್ಬರು ಹುಡುಗನ ಗುಣಗಾನ ಮಾಡುವುದನ್ನು ಕೇಳಿದ್ದೇನೆ: “ಎಂಟ ಎಕರೆ ನೀರಾವರಿ ಐತ್ರಿ, ಬೋರಿಗಿ ಎರಡೂವರಿ ಇಂಚ ನೀರ ಐತಿ. ತಲಿ ಒಂದ ಸ್ವಲ್ಪ ಒಣ ಬೇಸಾಯ.”

ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ತೆರೆಗೆ ಬಂದಾಗ ಬೋಳುತಲೆಯ ಕನ್ನಡ ಮೇಷ್ಟ್ರ ಪಾಡಿಗೆ ನಾಡೆಲ್ಲ ನಕ್ಕಿತು, ಕಣ್ಣು ಒರೆಸಿಕೊಂಡಿತು, ಮನೆಗೆ ಹೋಗಿ ವರನ ಫೋಟೊದಲ್ಲಿ ಹಣೆ ಎಷ್ಟು ಅಗಲ ಎಂದು ಹಿಗ್ಗಿಸಿ ನೋಡಿತು.

ಇನ್ನು ಕಾರಣ. ಊರ ಕಟ್ಟೆಗೆ ಹೋಗಿ ಕೇಳಿದರೆ ಸಾಕು, ಕಾರಣಗಳ ರಾಶಿಯೇ ಸಿಗುತ್ತದೆ. ಬೋರಿನ ಗಡಸು ನೀರು, ಹೆಲ್ಮೆಟ್ಟು, ಶಾಂಪೂ, ಮೊಬೈಲ್ ಟವರು, ಕಬ್ಬಿಗೆ ಸುರಿಯುವ ಯೂರಿಯಾ, ರಾತ್ರಿ ಎರಡರವರೆಗೆ ರೀಲ್ಸ್. ಹಿರಿಯರೊಬ್ಬರು ಇವೆಲ್ಲವನ್ನೂ ತಳ್ಳಿಹಾಕಿ, “ಚಿಂತಿ ಮಾಡಬ್ಯಾಡಲೇ, ಚಿಂತಿ ಮಾಡಿದ್ರ ಉದರತಾವ” ಎಂದು ಹುಡುಗನಿಗೆ ಇನ್ನೊಂದು ಚಿಂತೆ ಹಚ್ಚುತ್ತಾರೆ. ಗಡಸು ನೀರಿಗೆ ಕೂದಲು ಒರಟಾದೀತು, ನಡುವೆ ತುಂಡಾದೀತು, ಬೇರಿಗೆ ಅದರಿಂದ ಏನೂ ಆಗುವುದಿಲ್ಲ. ಹೆಲ್ಮೆಟ್ಟಿನದು ಸುಳ್ಳು ಆಪಾದನೆ. ಅದು ಉಳಿಸುವುದು ತಲೆಯನ್ನು, ಕೂದಲಿನ ಜವಾಬ್ದಾರಿಯನ್ನು ಅದು ಯಾವತ್ತೂ ಹೊತ್ತಿರಲಿಲ್ಲ.

ನಿಜವಾದ ಅಪರಾಧಿ ಮನೆಯೊಳಗೇ ಇದ್ದಾನೆ. ಗಂಡಸಿನ ಮೈಯಲ್ಲಿರುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಒಂದು ಕಿಣ್ವದ ಕೈಗೆ ಸಿಕ್ಕಿ ಡಿಎಚ್‌ಟಿ ಎಂಬ ಇನ್ನೊಂದಾಗುತ್ತದೆ. ಹುಟ್ಟಿನಿಂದಲೇ ಆ ಡಿಎಚ್‌ಟಿಗೆ ಹೆದರುವ ಕೂದಲ ಬುಡಗಳು ಕೆಲವರ ನೆತ್ತಿಯಲ್ಲೂ ಹಣೆಯಂಚಿನಲ್ಲೂ ಇರುತ್ತವೆ. ಅಲ್ಲಿ ನಡೆಯುವುದನ್ನು ಬೆಲ್ಲದ ಪೇಟೆಯ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಕುಳೆ ಚಿಗುರುತ್ತದೆ. ಎರಡನೇ ಕುಳೆ ಮೊದಲಿನದಕ್ಕಿಂತ ಸಣ್ಣದು, ಮೂರನೆಯದು ಅದಕ್ಕೂ ಸಣ್ಣದು, ಕೊನೆಗೆ ಕಡಿಯುವ ಕೂಲಿಯೂ ಹುಟ್ಟುವುದಿಲ್ಲ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳ ಮಟ್ಟಿಗೆ ಸುಮ್ಮನೆ ಕೂತು, ಉದುರಿ, ಅದೇ ಬುಡದಿಂದ ಮತ್ತೆ ಬರುತ್ತದೆ. ಡಿಎಚ್‌ಟಿಯ ಹೊಡೆತಕ್ಕೆ ಸಿಕ್ಕ ಬುಡದಲ್ಲಿ ಪ್ರತಿ ಸಲ ಬರುವುದು ಮೊದಲಿಗಿಂತ ಸಣ್ಣದು, ಗಿಡ್ಡದು, ಬೆಳ್ಳನೆಯದು. ಕೊನೆಗೆ ಉಳಿಯುವುದು ನೊಣದ ಕಾಲಿಗೆ ತೊಡರುವಷ್ಟು ನವಿರು. ಅಂದಹಾಗೆ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಲೆಕ್ಕದೊಳಗಿನ ಮಾತು. ತಲೆಯ ಮೇಲೆ ಸುಮಾರು ಒಂದು ಲಕ್ಷ ಇರುತ್ತವೆ. ಬಚ್ಚಲಿನ ಜಾಲರಿಯಲ್ಲಿ ಕಂಡದ್ದನ್ನೆಲ್ಲ ಹೆಕ್ಕಿ ಎಣಿಸುವವರ ಕೂದಲು ಉದುರುತ್ತದೋ ಇಲ್ಲವೋ, ಬಚ್ಚಲು ಮಾತ್ರ ಚೊಕ್ಕ ಇರುತ್ತದೆ.

ತಾಯಿಯ ತಂದೆಯ ತಲೆ ನೋಡಿ ಮೊಮ್ಮಗನ ಭವಿಷ್ಯ ಹೇಳುವ ಪದ್ಧತಿ ನಮ್ಮಲ್ಲಿದೆ. ಅದು ಪೂರ್ತಿ ಬುರುಡೆಯಲ್ಲ. ಈ ಕೆಲಸದಲ್ಲಿ ದೊಡ್ಡ ಪಾಲಿರುವ ಒಂದು ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಗಂಡುಮಗನಿಗೆ ಅದು ಬರುವುದು ತಾಯಿಯಿಂದಲೇ. ಆದರೆ ಅಪ್ಪನ ಕಡೆಯಿಂದಲೂ ಸಾಕಷ್ಟು ಆಸ್ತಿ ಬರುತ್ತದೆ. ಹೀಗಾಗಿ ಬೋಳಿನ ವಿಚಾರದಲ್ಲಿ ಬೀಗರನ್ನು ಬೈಯುವಾಗ ಸ್ವಂತ ಮನೆಯ ಗೋಡೆಗೆ ಹಾಕಿದ ಫೋಟೊಗಳನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಖಾತ್ರಿ ಉಪಾಯ ಒಂದಿದೆ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಂಗರಚನಾ ಶಾಸ್ತ್ರಜ್ಞರು, ಹರೆಯಕ್ಕೆ ಬರುವ ಮೊದಲೇ ಬೀಜ ತೆಗೆಸಿಕೊಂಡ ಗಂಡಸರು ಬೋಳಾಗುವುದಿಲ್ಲ ಎಂದು ತೋರಿಸಿಕೊಟ್ಟರು. ಗ್ರೀಸಿನ ಹಿಪ್ಪೊಕ್ರೇಟಿಸನಿಗೂ ಇದು ಗೊತ್ತಿತ್ತು. ಮದುವೆಗಾಗಿ ಕೂದಲು ಬೇಕೆನ್ನುವವರಿಗೆ ಈ ಉಪಾಯ ಹೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಎಲ್ಲ ಬೋಳೂ ಒಂದೇ ಅಲ್ಲ. ಎಣ್ಣೆ ವ್ಯಾಪಾರ ನಿಂತಿರುವುದೇ ಈ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದರ ಮೇಲೆ. ಟೈಫಾಯಿಡ್ಡು, ಡೆಂಗಿ, ಕೋವಿಡ್, ಹೆರಿಗೆ, ದೊಡ್ಡ ಆಪರೇಷನ್ನು, ಹೊಟ್ಟೆ ಕಟ್ಟಿ ತೂಕ ಇಳಿಸುವ ಹಟ, ಇವುಗಳಲ್ಲಿ ಯಾವುದಾದರೂ ಮೈಯನ್ನು ಹಿಂಡಿದರೆ ಎರಡು ಮೂರು ತಿಂಗಳು ಬಿಟ್ಟು ಕೂದಲು ಕೈತುಂಬ ಬರತೊಡಗುತ್ತದೆ. ಅಷ್ಟರಲ್ಲಿ ಜ್ವರ ಬಂದದ್ದೇ ಮರೆತುಹೋಗಿರುತ್ತದೆ, ನೆನಪಿಗೆ ಬರುವುದು ಮೊನ್ನೆ ಬದಲಿಸಿದ ಸಾಬೂನು. ಈ ಬಗೆಯ ಉದುರುವಿಕೆ ಏನೂ ಮಾಡದಿದ್ದರೂ ಆರು ತಿಂಗಳ ಸುಮಾರಿಗೆ ತಾನಾಗಿ ನಿಂತು, ಕೂದಲು ಮರಳಿ ಬರುತ್ತದೆ. ಆದರೆ ಏನೂ ಮಾಡದೆ ಆರು ತಿಂಗಳು ಕೂರುವವರು ಯಾರು? ನಾಲ್ಕನೇ ತಿಂಗಳಿಗೆ ಎಣ್ಣೆ ಮನೆಗೆ ಬಂದಿರುತ್ತದೆ. ಆರನೇ ತಿಂಗಳಿಗೆ ಕೂದಲು ಬರುತ್ತದೆ. ಏಳನೇ ತಿಂಗಳಿಗೆ ಓಣಿಗೆಲ್ಲ ಸುದ್ದಿ: “ಆ ಎಣ್ಣಿ ಹಚ್ಚರಿ ವೈನಿ, ನಂಗ ಹೆಂಗ ಬಂದಾವ ನೋಡ್ರಿ!” ಮೈ ತಾನೇ ರಿಪೇರಿ ಮಾಡಿಕೊಂಡದ್ದಕ್ಕೆ ಬಾಟಲಿ ಹೆಸರು ಹಾಕಿಸಿಕೊಳ್ಳುತ್ತದೆ.

ತಲೆಯಲ್ಲಿ ರೂಪಾಯಿಯಗಲ ಒಮ್ಮೆಲೇ ನುಣ್ಣಗಾಗುವುದನ್ನು ನಮ್ಮಲ್ಲಿ ಹುಳ ತಿಂದೈತಿ ಎನ್ನುತ್ತಾರೆ. ಹುಳವೂ ಇಲ್ಲ, ಹುಪ್ಪಟೆಯೂ ಇಲ್ಲ. ಕಾವಲಿಗಿಟ್ಟ ರೋಗನಿರೋಧಕ ಕಣಗಳೇ ಮನೆಯ ಮಂದಿಯನ್ನು ಕಳ್ಳರೆಂದು ತಿಳಿದು ಕೂದಲ ಬುಡಕ್ಕೆ ಬಡಿಯುತ್ತಿರುತ್ತವೆ. ಸಣ್ಣ ಬೋಳುಗಳು ಬಹಳ ಜನಕ್ಕೆ ವರ್ಷದೊಳಗೆ ತಾವೇ ತುಂಬಿಕೊಳ್ಳುತ್ತವೆ. ಗುಲಗಂಜಿ ತೇದು ಹಚ್ಚಿದವರಿಗೂ ತುಂಬುತ್ತದೆ, ಹಚ್ಚದವರಿಗೂ ತುಂಬುತ್ತದೆ. ಗುಲಗಂಜಿ ವಿಷ, ಅದು ಬೇರೆ ಮಾತು. ಚರ್ಮದ ಡಾಕ್ಟರು ಅಲ್ಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ತಲೆಯೆಲ್ಲ ಬಯಲಾದ ತೀವ್ರ ರೋಗಿಗಳಿಗೆ ಅಮೆರಿಕದ ಔಷಧ ಇಲಾಖೆ 2022ರಲ್ಲಿ ಬಾರಿಸಿಟಿನಿಬ್ ಎಂಬ ಗುಳಿಗೆಗೆ ಒಪ್ಪಿಗೆ ಕೊಟ್ಟಿದೆ.

ಇಲ್ಲಿಗೆ ಉಳ್ಳಾಗಡ್ಡಿಯ ಕತೆ ಬರುತ್ತದೆ. 2002ರಲ್ಲಿ ಬಾಗ್ದಾದಿನ ಇಬ್ಬರು ವೈದ್ಯರು ಇದೇ ‘ಹುಳ ತಿಂದ’ ರೋಗಿಗಳಿಗೆ ಹಸಿ ಉಳ್ಳಾಗಡ್ಡಿ ರಸವನ್ನು ದಿನಕ್ಕೆರಡು ಸಲ ಹಚ್ಚಿ ನೋಡಿದರು. ನಲವತ್ತೂ ತುಂಬದಷ್ಟು ಜನ. ಹಲವರಿಗೆ ಕೂದಲು ಬಂತೆಂದು ಬರೆದರು. ತಾನಾಗಿ ತುಂಬುವ ಬೋಳಿನ ಮೇಲೆ ಮಾಡಿದ ಈ ಪುಟ್ಟ ಪ್ರಯೋಗವನ್ನು ಹಿಡಿದುಕೊಂಡು ಈಗ ದೇಶವೆಲ್ಲ ಉಳ್ಳಾಗಡ್ಡಿ ಎಣ್ಣೆ, ಉಳ್ಳಾಗಡ್ಡಿ ಶಾಂಪೂ, ಉಳ್ಳಾಗಡ್ಡಿ ಸೀರಮ್ಮು. ಬಾಗಲಕೋಟೆ ಜಿಲ್ಲೆ ಉಳ್ಳಾಗಡ್ಡಿ ಬೆಳೆಯುವ ಜಿಲ್ಲೆ. ಬೆಲೆ ಬಿದ್ದ ವರ್ಷ ಹಮಾಲಿಯ ದುಡ್ಡೂ ಹುಟ್ಟದೆ ರೈತ ಚೀಲ ಚೀಲವೇ ಗಡ್ಡಿಯನ್ನು ರಸ್ತೆಗೆ ಸುರಿದು ಬರುತ್ತಾನೆ. ಬರುವಾಗ ಮಗಳಿಗೆಂದು ಅದೇ ಗಡ್ಡಿಯ ಹೆಸರು ಬರೆದ ಬಾಟಲಿ ಕೊಂಡು ತರುತ್ತಾನೆ. ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದರೆ ಉಳ್ಳಾಗಡ್ಡಿಯ ಪಾಲು ಎಲ್ಲೋ ಕೊನೆಯ ಸಾಲಿನಲ್ಲಿ, ಬಣ್ಣ ಮತ್ತು ವಾಸನೆಯ ಮಧ್ಯೆ ಅಡಗಿ ಕೂತಿರುತ್ತದೆ. ರೈತನಿಗೆ ಬೆಂಬಲ ಬೆಲೆ ಕೊಡುವ ಸರ್ಕಾರ ಬರುತ್ತದೋ ಇಲ್ಲವೋ, ಉಳ್ಳಾಗಡ್ಡಿಗೆ ಮರ್ಯಾದೆಯ ಬೆಲೆ ಬೇಕಿದ್ದರೆ ಅದು ಹೊಟ್ಟೆಯ ದಾರಿ ಬಿಟ್ಟು ತಲೆಗೆ ಏರಬೇಕು.

ನಮ್ಮ ರಾಜ್ಯದ್ದೇ ಇನ್ನೊಂದು ಎಣ್ಣೆಯಿದೆ. ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ತಲೆಮಾರಿನಿಂದ ಬೇರು ಸೊಪ್ಪು ಕುದಿಸಿ ಎಣ್ಣೆ ಮಾರಿಕೊಂಡು ಬಂದವರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಇವರೂ ಇದ್ದರು. ಆಗ ನಾಡಿಗೆ ಗೊತ್ತಾದದ್ದು, ಈ ಕನ್ನಡಿಗರು ಗಿಡಮೂಲಿಕೆ ಹೊತ್ತು ಆಫ್ರಿಕಾದವರೆಗೆ ಹೋಗಿ ಬರುತ್ತಾರೆಂಬುದು. ಅವರ ಮೇಲೆ ನನಗೇನೂ ಸಿಟ್ಟಿಲ್ಲ; ಊರೂರು ತಿರುಗಿ ಬೆವರು ಸುರಿಸಿ ಮಾರುವವರು. ಆಮೇಲೆ ಬಂದರು ಸಿನಿಮಾದವರು, ರೀಲ್ಸಿನವರು. 108 ಗಿಡಮೂಲಿಕೆ ಕುದಿಯುವ ಕಡಾಯಿ, ಅದರ ಮುಂದೆ ಮೊಣಕಾಲು ಮುಟ್ಟುವ ಕೂದಲಿನ ಹೆಣ್ಣುಮಕ್ಕಳು, ಪಕ್ಕದಲ್ಲಿ ನಿನ್ನೆ ವಿಮಾನದಲ್ಲಿ ಬಂದಿಳಿದ ಪ್ರಸಿದ್ಧರು. ಹುಟ್ಟಿದಾಗಿನಿಂದ ದಟ್ಟ ಕೂದಲಿರುವವರು ಎಣ್ಣೆ ಹಚ್ಚಿದರೆ ದಟ್ಟ ಕೂದಲು ಕಾಣುತ್ತದೆ ಎಂಬುದನ್ನು ಸಾಬೀತು ಮಾಡಲು ಇಷ್ಟು ಖರ್ಚು ಬೇಕಿರಲಿಲ್ಲ. ಎಣ್ಣೆಯಿಂದ ಕೂದಲಿಗೆ ಹೊಳಪು ಬರುತ್ತದೆ, ಸಿಕ್ಕು ಬಿಡುತ್ತದೆ, ಅವ್ವ ತಲೆ ತಿಕ್ಕಿದರೆ ನಿದ್ದೆಯೂ ಬರುತ್ತದೆ. ಸತ್ತ ಬುಡ ಏಳುವುದಿಲ್ಲ.

ಕಾನೂನು ಈ ಮಾತನ್ನು ಯಾವತ್ತೋ ಹೇಳಿ ಮುಗಿಸಿದೆ. ನಮ್ಮ 1945ರ ಔಷಧ ನಿಯಮಗಳಲ್ಲಿ ‘ಜೆ’ ಎಂಬ ಅನುಸೂಚಿಯೊಂದಿದೆ. ವಾಸಿ ಮಾಡುತ್ತೇವೆಂದು ಯಾವ ಔಷಧಿಯೂ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಅದು. ಏಡ್ಸ್, ಕುರುಡು ಇವುಗಳ ಸಾಲಿನಲ್ಲಿ ಬೋಳುತಲೆಯೂ ಇದೆ, ಹೊಸ ಕೂದಲು ಬರಿಸುವುದೂ ಇದೆ. ಹಾಗಾದರೆ ಬಸ್ ಸ್ಟ್ಯಾಂಡಿನ ಗೋಡೆಗೆ ‘ಬೋಳುತಲೆಗೆ ಗ್ಯಾರಂಟಿ’ ಎಂದು ಹಚ್ಚಿದ ಕಾಗದ ಯಾವ ದೇಶದ್ದು? ಬಾಟಲಿಯ ಮೇಲೆ ‘ಸೌಂದರ್ಯವರ್ಧಕ’ ಎಂದು ಬರೆದಿರುತ್ತಾರೆ, ಪವಾಡವನ್ನು ವಿಡಿಯೊದಲ್ಲಿ ಹೇಳುತ್ತಾರೆ. ಅಧಿಕಾರಿ ಬಾಟಲಿ ಓದುತ್ತಾನೆ, ಗಿರಾಕಿ ವಿಡಿಯೊ ನೋಡುತ್ತಾನೆ. ಇಬ್ಬರಿಗೂ ಸಮಾಧಾನ. 2024ರ ಡಿಸೆಂಬರಿನಲ್ಲಿ ಮೀರತ್‌ನಲ್ಲಿ ತಲೆ ಬೋಳಿಸಿ ಎಣ್ಣೆ ಹಚ್ಚುವ ಶಿಬಿರಕ್ಕೆ ಜನ ಮುಗಿಬಿದ್ದರು, ಕೊನೆಗೆ ಪೊಲೀಸರು ಬಂದರು. 2025ರ ಮಾರ್ಚಿನಲ್ಲಿ ಪಂಜಾಬಿನ ಸಂಗ್ರೂರಿನಲ್ಲಿ ಅಂಥದೇ ಶಿಬಿರದ ಎಣ್ಣೆ ಹಚ್ಚಿಸಿಕೊಂಡವರು ಹತ್ತಾರು ಮಂದಿ ಕಣ್ಣುರಿ ಎಂದು ಆಸ್ಪತ್ರೆಗೆ ಓಡಿದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಅವರು ಮುಚ್ಚಿಕೊಂಡಿದ್ದರೆ ಕಣ್ಣಾದರೂ ಉಳಿಯುತ್ತಿತ್ತು.

ಗೋಧಿ ಕಾಳಿನ ಮಾತು ಬಂತಲ್ಲ, ಅದರ ಇನ್ನೊಂದು ಮುಖ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಕಂಡಿತು. 2024ರ ಡಿಸೆಂಬರ್ ಕೊನೆಗೆ ಶೇಗಾಂವ ತಾಲ್ಲೂಕಿನ ಹಳ್ಳಿಗಳಲ್ಲಿ ಜನರಿಗೆ ತಲೆ ತುರಿಸತೊಡಗಿತು, ಹಿಡಿದೆಳೆದರೆ ಕೂದಲು ಕೈಗೆ ಬಂತು, ಮೂರು ನಾಲ್ಕು ದಿನಕ್ಕೆ ತಲೆ ಬೋಳು. ಗಂಡಸರು, ಹೆಂಗಸರು, ಕಾಲೇಜಿನ ಹುಡುಗಿಯರು ಯಾರನ್ನೂ ಬಿಡಲಿಲ್ಲ. ‘ಬೋಳು ವೈರಸ್’ ಎಂದು ಟಿವಿಯವರು ಒಂದು ವಾರ ಕೂಗಿದರು. ನೀರನ್ನು ಬೈದರು, ಶಾಂಪೂವನ್ನು ಬೈದರು. ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಮಾತ್ರ ಹಳ್ಳಿಗೆ ಹೋಗಿ ಜನ ಏನು ತಿನ್ನುತ್ತಾರೆ ಎಂದು ಕೇಳಿದರು. ಚೇಳು ಕಡಿತದ ಚಿಕಿತ್ಸೆಯಲ್ಲಿ ಹೆಸರು ಮಾಡಿದ ವೈದ್ಯರು ಅವರು. ರೇಷನ್ನಿನ ಗೋಧಿಯನ್ನೂ ರೋಗಿಗಳ ರಕ್ತವನ್ನೂ ಪರೀಕ್ಷೆಗೆ ಕಳಿಸಿ, ಗೋಧಿಯಲ್ಲಿ ಸೆಲೆನಿಯಂ ವಿಪರೀತವಾಗಿದೆ, ಪಂಜಾಬಿನ ಕಡೆಯಿಂದ ಬಂದ ಗೋಧಿ ಇದು ಎಂದು 2025ರ ಫೆಬ್ರುವರಿಯಲ್ಲಿ ಹೇಳಿದರು. ಸೆಲೆನಿಯಂ ಚೂರು ಬೇಕು, ಹೆಚ್ಚಾದರೆ ಕೂದಲು ಉದುರುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಹಲವರಿಗೆ ಕೆಲವು ವಾರಗಳಲ್ಲಿ ಕೂದಲು ಮತ್ತೆ ಚಿಗುರಿತು. ಅಷ್ಟೂ ಗದ್ದಲದಲ್ಲಿ ತಲೆಯನ್ನು ಬಿಟ್ಟು ತಾಟನ್ನು ನೋಡಿದವರು ಅವರು. ಸೆಲೆನಿಯಂ ಹಾಕಿದ ‘ಕೂದಲ ಗುಳಿಗೆ’ಗಳು ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಜೋರಾಗಿ ಹೋಗುತ್ತವೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವುಗಳ ಜೊತೆಗಾರ ಬಯೋಟಿನ್. ಅದರ ಕೊರತೆ ಇರುವವರೇ ಅಪರೂಪ. ಹೆಚ್ಚು ನುಂಗಿದರೆ ಥೈರಾಯ್ಡಿನ ರಕ್ತಪರೀಕ್ಷೆಯ ಅಂಕಿಯನ್ನೇ ಅದು ಏರುಪೇರು ಮಾಡುತ್ತದೆ. ಕೂದಲು ಉದುರಲು ನಿಜವಾದ ಕಾರಣ ಥೈರಾಯ್ಡೇ ಆಗಿದ್ದರೆ ಅದು ಗೊತ್ತಾಗದಂತೆ ನೋಡಿಕೊಳ್ಳುವ ಗುಳಿಗೆ. ಇಂಥ ಸ್ವಾಮಿನಿಷ್ಠೆ ಮನುಷ್ಯರಲ್ಲೂ ಸಿಗುವುದಿಲ್ಲ.

ಹೆಂಗಸರ ಕೂದಲಿನ ಕತೆ ಬೇರೆ, ಅದನ್ನು ಹೇಳಿಕೊಳ್ಳುವವರೂ ಕಡಿಮೆ. ಗಂಡಸಿನ ಬೋಳು ಊರಿಗೆ ತಮಾಷೆ, ಹೆಂಗಸಿನ ಬೈತಲೆ ಅಗಲವಾಗುವುದು ಚೌರಿಯೊಳಗಿನ ಗುಟ್ಟು. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಮೈಯಲ್ಲಿ ಕಬ್ಬಿಣ ಇಲ್ಲದಿದ್ದರೆ ಕೂದಲೂ ಹಿಡಿತ ಬಿಡುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಂಗಿಸುತ್ತಿದ್ದರು. ಹಿಟ್ಟಿಲ್ಲದಿದ್ದರೆ ಮಲ್ಲಿಗೆ ಮುಡಿಯಲು ಜುಟ್ಟೇ ಉಳಿಯುವುದಿಲ್ಲ ಎಂಬುದನ್ನು ಗಾದೆ ಮಾಡಿದವರು ಲೆಕ್ಕಕ್ಕೆ ಹಿಡಿಯಲಿಲ್ಲ. ಇಷ್ಟಾಗಿಯೂ ಡಾಕ್ಟರು ರಕ್ತಪರೀಕ್ಷೆ ಬರೆದುಕೊಟ್ಟರೆ ಅತ್ತೆಯ ಪ್ರಶ್ನೆ: “ಕೂದ್ಲ ಉದರಿದ್ರ ರಕ್ತ ಯಾಕ್ರಿ ತಗೀತೀರಿ?” ಹಿಮೋಗ್ಲೋಬಿನ್ನೂ ಥೈರಾಯ್ಡೂ ಸೇರಿ ಎರಡು ಬಾಟಲಿ ಎಣ್ಣೆಯ ದುಡ್ಡು ಆಗುವುದಿಲ್ಲ.

ಕೂದಲು ಉದುರದೆ ಕೂಡಿಕೊಂಡರೂ ಈ ಸೀಮೆಯ ಹೆಣ್ಣಿಗೆ ಸುಖವಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಬಾಚದೆ, ತೊಳೆಯದೆ ಹುಡುಗಿಯ ತಲೆಯಲ್ಲಿ ಗಂಟುಬಿದ್ದು ಜಡೆಗಟ್ಟಿದರೆ ಯಲ್ಲಮ್ಮ ಕರೆದಳು ಎಂದು ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಅದನ್ನು ತಡೆಯಲು 1982ರ ಕಾಯ್ದೆಯೇ ಬೇಕಾಯಿತು. ಆ ಜಡೆಗೆ ಮದ್ದು ಒಂದು ಕತ್ತರಿ, ಒಂದು ಹಣಿಗೆ. ಎರಡೂ ಸೇರಿ ಇವತ್ತಿನ ಒಂದು ಸೀರಮ್ಮಿನ ಮುಚ್ಚಳದ ಬೆಲೆಯೂ ಅಲ್ಲ.

ಹಾಗಾದರೆ ಗಂಡಸಿನ ಬೋಳಿಗೆ ಔಷಧ ಇಲ್ಲವೇ ಇಲ್ಲವೇ? ಇದೆ, ಎರಡು. ಎರಡೂ ಬೇರೆಲ್ಲಿಗೋ ಹೊರಟು ತಲೆಗೆ ಬಂದವು. ಮಿನಾಕ್ಸಿಡಿಲ್ ಬಿಪಿ ಗುಳಿಗೆಯಾಗಿ 1979ರಲ್ಲಿ ಅಮೆರಿಕದ ಪೇಟೆಗೆ ಬಂತು. ನುಂಗಿದವರ ಬಿಪಿ ಇಳಿಯಿತು, ಜೊತೆಗೆ ಮುಖ, ಕೈ, ಬೆನ್ನ ಮೇಲೆಲ್ಲ ಕೂದಲು ಬಂತು. ರೋಗಿಗಳ ಗೋಳು ಕಂಪನಿಗೆ ಲಾಭದ ದಾರಿಯಾಗಿ ಕಂಡು, 1988ರಲ್ಲಿ ಅದೇ ಔಷಧ ತಲೆಗೆ ಹಚ್ಚುವ ದ್ರವವಾಯಿತು. ಫಿನಾಸ್ಟರೈಡ್‌ನದು ಇನ್ನೂ ಸೋಜಿಗ. ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಎಂಬ ಹಳ್ಳಿಯಲ್ಲಿ ಕೆಲವು ಮಕ್ಕಳು ಹೆಣ್ಣೆಂದು ಬೆಳೆದು ಹರೆಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಮಾಡುವ ಕಿಣ್ವ ಅವರಲ್ಲಿ ಇರಲಿಲ್ಲ ಎಂದು 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆಯ ತಂಡ ಕಂಡುಹಿಡಿಯಿತು. ಅವರಿಗೆ ಪ್ರಾಸ್ಟೇಟ್ ಉಬ್ಬುತ್ತಿರಲಿಲ್ಲ, ತಲೆಯೂ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಗುಳಿಗೆ 1992ರಲ್ಲಿ ಮುದುಕರ ಪ್ರಾಸ್ಟೇಟಿಗೆ, 1997ರಲ್ಲಿ ಹರೆಯದವರ ಬೋಳಿಗೆ ಬಂತು.

ಇವು ಕೆಲಸ ಮಾಡುತ್ತವೆ, ಆದರೆ ಇವುಗಳಲ್ಲಿ ಜಾಹೀರಾತಿಗೆ ಒಗ್ಗದ ಪ್ರಾಮಾಣಿಕತೆ ಇದೆ. ಇರುವುದನ್ನು ಉಳಿಸುತ್ತವೆ, ಸೊರಗಿದ್ದನ್ನು ತುಸು ಎಬ್ಬಿಸುತ್ತವೆ, ನುಣ್ಣಗಾದ ಕಡೆ ಏನೂ ಮಾಡುವುದಿಲ್ಲ. ಫಲ ಕಾಣಲು ನಾಲ್ಕಾರು ತಿಂಗಳು ಬೇಕು. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚೇ ಆಗಬಹುದು. ನಮ್ಮವರು ಬಾಟಲಿ ಎಸೆಯುವುದು ಸರಿಯಾಗಿ ಆಗಲೇ. ಬಿಟ್ಟರೆ ಕೆಲವು ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ, ಅಂದರೆ ಮದುವೆಯವರೆಗೆ ಹಚ್ಚಿ ಆಮೇಲೆ ಬಿಡುವವನ ಬಣ್ಣ ಮೊದಲ ದೀಪಾವಳಿಗೆ ಬಯಲು. ಫಿನಾಸ್ಟರೈಡ್‌ನಿಂದ ಕೆಲವರಿಗೆ ಹಾಸಿಗೆಯ ಉತ್ಸಾಹ ಕುಂದುತ್ತದೆ, ಮನಸ್ಸು ಮಂಕಾಗುತ್ತದೆ. ಬಸುರಿಯರಂತೂ ಅದರ ಒಡೆದ ಗುಳಿಗೆಯನ್ನು ಮುಟ್ಟಲೂ ಬಾರದು. ಡಾಕ್ಟರ ಚೀಟಿ ಬೇಕು ಎನ್ನುವುದು ಇದಕ್ಕೇ, ಕಟಿಂಗ್ ಅಂಗಡಿಯವನ ಚೀಟಿ ಸಾಲದು.

ಕೊನೆಗೆ ಕಸಿ. ಹಿಂದಲೆಯ ಬುಡಗಳಿಗೆ ಡಿಎಚ್‌ಟಿಯ ಭಯವಿಲ್ಲ. ಕಿತ್ತು ಮುಂದಲೆಗೆ ನೆಟ್ಟರೂ ಅವು ತಮ್ಮ ಗುಣ ಬಿಡುವುದಿಲ್ಲ ಎಂದು ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಖ್ 1959ರಲ್ಲಿ ಬರೆದರು. ಇದರಲ್ಲಿ ಹೊಸದಾಗಿ ಒಂದು ಕೂದಲೂ ಹುಟ್ಟುವುದಿಲ್ಲ, ವರ್ಗಾವಣೆ ಮಾತ್ರ ಆಗುತ್ತದೆ. ಹಿಂದಿನ ದಾಸ್ತಾನು ತೀರಿದರೆ ಮುಗಿಯಿತು. ಅನುಭವಿ ಕೈ ಮಾಡಿದರೆ ಚೆಂದವೇ ಆಗುತ್ತದೆ. ಕೈ ಯಾರದು ಎಂಬುದರಲ್ಲಿದೆ ಅಪಾಯ. ಕಾನ್ಪುರದಲ್ಲಿ ಕೂದಲು ನೆಡಿಸಿಕೊಂಡ ಇಬ್ಬರು ಎಂಜಿನಿಯರುಗಳು ಸತ್ತರು, ನೆಟ್ಟವರು ಹಲ್ಲಿನ ಡಾಕ್ಟರು ಎಂದು 2025ರಲ್ಲಿ ಪ್ರಕರಣ ದಾಖಲಾಯಿತು. ಯೂಟ್ಯೂಬ್ ನೋಡಿ ಕೂದಲು ಕಸಿ ಕಲಿಯಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಬರೆದು ತಿಳಿಸಬೇಕಾಗಿ ಬಂದಿತ್ತು. ಬರೆದು ತಿಳಿಸಿದರೆಂದರೆ ಕಲಿತವರಿದ್ದರು ಎಂದೇ ಅರ್ಥ.

ಲೆಕ್ಕ ಹೀಗೆ ಬೀಳುತ್ತದೆ. ಒಂದು ಬುಡಕ್ಕೆ ಮೂವತ್ತು ರೂಪಾಯಿ ಹಿಡಿದರೂ 2000 ಬುಡಕ್ಕೆ 60,000. 2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3500 ಕೊಡಿ ಎಂದು ಈ ಭಾಗದ ರೈತರು ರಸ್ತೆಗಿಳಿದರು, ಸರ್ಕಾರ 3300ಕ್ಕೆ ತಂದು ನಿಲ್ಲಿಸಿತು. ಆ ದರದಲ್ಲಿ ಒಂದು ಹಣೆ ಮುಚ್ಚಲು ಹದಿನೆಂಟು ಟನ್ ಕಬ್ಬು ಬೇಕು.

ನಮ್ಮ ಪೈಕಿಯ ಒಂದು ಮನೆಯಲ್ಲಿ ಇದನ್ನೂ ಮಾಡಿದರು. ಕಬ್ಬಿನ ಬಿಲ್ಲು ಬಂದ ವಾರವೇ ಹುಡುಗ ದೊಡ್ಡ ಊರಿಗೆ ಹೋಗಿ ನೆಡಿಸಿಕೊಂಡು ಬಂದ. ನೆಟ್ಟದ್ದು ಒಮ್ಮೆ ಉದುರಿ ಮತ್ತೆ ಬರಬೇಕು, ಹತ್ತು ತಿಂಗಳು ಕಾದರು. ಕೂದಲು ಬಂತು, ಬಾಚುವಷ್ಟು ಬಂತು. ಕನ್ಯೆಯ ಕಡೆಯವರು ಮನೆ ನೋಡಲು ಬಂದ ದಿನ ಹುಡುಗ ಟೊಪಿಗಿ ಇಲ್ಲದೆ, ಫ್ಯಾನಿನ ಕೆಳಗೆ, ಗಾಳಿಗೆ ಕೂದಲು ಹಾರುವ ಹಾಗೆ ಕೂತ. ಹುಡುಗಿಯ ಸೋದರಮಾವ ಅವಲಕ್ಕಿ ತಿಂದರು, ಚಹಾ ಕುಡಿದರು, ಹುಡುಗನ ಅಪ್ಪನ ಕಡೆ ತಿರುಗಿದರು.

“ಎಲ್ಲಾ ಚಲೋ ಐತ್ರಿ ಯಜಮಾನ್ರ. ಹುಡುಗಗ ಸರ್ಕಾರಿ ನೌಕರಿ ಏನರ ಐತೇನ್ರಿ?”

ಅಪ್ಪ ಮಗನ ತಲೆಯನ್ನೇ ನೋಡುತ್ತ ಹೇಳಿದ: “ಇಲ್ರಿ. ಹದಿನೆಂಟ ಟನ್ ಕಬ್ಬ ಐತಿ, ತಲಿ ಮ್ಯಾಲ.”